ಸೆರಗು ನಿಲ್ಲಿಸುವ ಪಾಠ

ನಮ್ಮ ಸರ್ ಮೊದಲ ದಿನವೇ ಸೀಮೆಸುಣ್ಣದ ಡಬ್ಬಿಯನ್ನು ನಮ್ಮ ಬೆಂಚಿನ ಮೇಲಿಟ್ಟು, ತಾವು ಹೋಗಿ ಕೊನೆಯ ಸಾಲಿನಲ್ಲಿ ಕೂತುಬಿಟ್ಟರು. "ಈ ವಿಷಯ ನಾ ಕಲಸೂದಿಲ್ಲ. ನೀವ ಒಬ್ಬೊಬ್ರು ಒಂದೊಂದು ಪಾಠ ಮಾಡ್ರಿ, ನಾ ಕೂತು ಕೇಳ್ತೇನಿ," ಎಂದರು. ಪಕ್ಕದಲ್ಲಿದ್ದ ಬಾದಾಮಿಯ ಹುಡುಗ ನನ್ನ ಕಿವಿಯ ಹತ್ತಿರ ಬಾಗಿ, "ಪಗಾರ ಅವರ್ಗೆ, ಪಾಠ ನಮಗ," ಎಂದ. ನಾನು ನಕ್ಕಿದ್ದು ಹಿಂದಿನವರೆಗೂ ಕೇಳಿತು. ಅದಕ್ಕೇ ಇರಬೇಕು, ಪಾಠ ಹಂಚುವಾಗ ಎಲ್ಲಕ್ಕಿಂತ ಕಷ್ಟದ್ದು ನನ್ನ ಪಾಲಿಗೆ ಬಂತು: ಬಟ್ಟೆ.

ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್ ಮೊದಲ ವರ್ಷ ಓದುತ್ತಿದ್ದೆ. ವಿಷಯದ ಹೆಸರು ಉದ್ದವಾಗಿತ್ತು, ಆದರೆ ಕೆಲಸ ತಿಳಿಯುವಂಥದ್ದೇ. ನೀರು ಹರಿಯುವುದು, ಹೊಗೆ ಏಳುವುದು, ಚೆಂಡು ಪುಟಿಯುವುದು, ಬಟ್ಟೆ ಹಾರುವುದು, ಇವನ್ನೆಲ್ಲ ಕೈಯಿಂದ ಚಿತ್ರ ಬರೆಯದೆ ಭೌತಶಾಸ್ತ್ರದ ನಿಯಮಗಳನ್ನು ಕಂಪ್ಯೂಟರಿಗೆ ಹೇಳಿಕೊಟ್ಟು ತಾವಾಗಿಯೇ ನಡೆಯುವಂತೆ ಮಾಡುವುದು. ಸಿಮ್ಯುಲೇಷನ್ ಅನ್ನುತ್ತಾರೆ. ಸಿನಿಮಾದಲ್ಲಿ ಸಮುದ್ರ ಉಕ್ಕುವುದು, ಆಟಗಳಲ್ಲಿ ರಾಜಕುಮಾರಿಯ ಲಂಗ ತೂಗುವುದು ಎಲ್ಲ ಇದರಿಂದಲೇ. ಮೊದಲ ಸಲ ನಾನು ಮಾಡಿದ ಒಂದು ಕರವಸ್ತ್ರ ಪರದೆಯ ಮೇಲೆ ಜಾರಿ ಬಿದ್ದು, ಚೆಂಡಿನ ಮೇಲೆ ಕೂತು, ಅಂಚುಗಳನ್ನು ಮೆಲ್ಲಗೆ ಇಳಿಬಿಟ್ಟಾಗ ನಾನು ಲ್ಯಾಬಿನಲ್ಲಿ ಕಿರುಚಿದ್ದೆ. ಹಲ್ಲಿ ಬಿತ್ತೆಂದು ತಿಳಿದು ಜವಾನ ಕಸಬರಿಗೆ ಹಿಡಿದು ಓಡಿಬಂದ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ನಮ್ಮ ಮನೆಯವರಿಗೇ ಹೇಳಿದ್ದೇನೆ.

ಸರ್ ಇನ್ನೂ ಒಂದು ನಿಯಮ ಹಾಕಿದ್ದರು. ಪಾಠ ಮಾಡುವವರು ಹೊರಗಿನವರೊಬ್ಬರನ್ನು ಕರೆತರಬೇಕು, ಅವರು ಕಂಪ್ಯೂಟರ್ ಓದಿದವರಾಗಿರಬಾರದು. ಪಾಠ ಮುಗಿದ ಮೇಲೆ ಆ ಅತಿಥಿ ಎದ್ದು, ತಾವು ಕೇಳಿದ್ದೇನೆಂದು ತಮ್ಮ ಮಾತಿನಲ್ಲಿ ಹೇಳಬೇಕು. ಹೇಳಿದರೆ ಪಾಠ ಪಾಸು. ಇಲ್ಲವಾದರೆ ಮುಂದಿನ ವಾರ ಅದೇ ಪಾಠ, ಅದೇ ಅತಿಥಿ.

ಬಾದಾಮಿಯ ಹುಡುಗನಿಗೆ ನೀರಿನ ಪಾಠ ಬಂದಿತ್ತು. ಅವನು ತನ್ನ ಅಜ್ಜನನ್ನು ಕರೆತಂದ. ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅರ್ಧ ಪಾಠಕ್ಕೇ ಅಜ್ಜನಿಗೆ ಜೊಂಪು ಹತ್ತಿತು. ಕೊನೆಗೆ ಎಬ್ಬಿಸಿದಾಗ ಅವರು ಎದ್ದು ನಿಂತು, ಹುಡುಗನಾಗಿದ್ದಾಗ ಮಹಾಕೂಟದ ಹೊಂಡದಲ್ಲಿ ತಾವು ಜಿಗಿದದ್ದು, ಈಜು ಬಾರದ ಗೆಳೆಯನನ್ನು ಕೂದಲು ಹಿಡಿದು ಮೇಲೆ ತಂದದ್ದು ಎಲ್ಲ ಸೊಗಸಾಗಿ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ಸರ್ ಮಾತ್ರ, "ಛಲೋ ಹೇಳಿದ್ರಿ ಅಜ್ಜಾರ. ಮುಂದಿನ ವಾರ ಮತ್ತ ಬರ್ರಿ," ಎಂದರು. ಮುಂದಿನ ವಾರ ಅಜ್ಜ ಕಣ್ಣು ಪಿಳುಕಿಸದೆ ಕೇಳಿ ಎದ್ದು, "ನೀರು ಅಂದ್ರ ತುಂಬಿದ ಬಸ್ಸಿನ್ಯಾಗಿನ ಮಂದಿ ಇದ್ದಂಗ. ಮುಂದಿನ ಬಾಗಲದಾಗ ಒಬ್ಬ ಹತ್ತಿದ್ರ ಹಿಂದ ಒಬ್ಬ ಸರೀಲೇಬೇಕು," ಎಂದು ಕೂತರು. ಸರ್ ಎದ್ದು ಬಂದು ಕೈ ಕುಲುಕಿದರು.

ನಾನು ಯಾರನ್ನು ಕರೆತರಲಿ ಎಂದು ಯೋಚಿಸುತ್ತಿದ್ದೆ. ಯಾರನ್ನಾದರೂ ಕರೆಯಬಹುದಿತ್ತು. ನನ್ನ ಬಾಯಿ ಸುಮ್ಮನಿದ್ದಿದ್ದರೆ.

ನಮ್ಮತ್ತೆ ಇಳಕಲ್ಲಿನಲ್ಲಿ ಖಾನಾವಳಿ ನಡೆಸುತ್ತಾರೆ. ಮನೆಯ ಮುಂದಿನ ಪಡಸಾಲೆಯೇ ಖಾನಾವಳಿ, ಒಳಗೆ ಅಡುಗೆ, ಹಿಂದೆ ಹಿತ್ತಲು. ನಾನು ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ರೊಟ್ಟಿ ಬಡಿದು, ಸಂಜೆ ಬಂದು ಮತ್ತೆ ಬಡಿಯುತ್ತಿದ್ದೆ. ಮದುವೆಯ ಮಾತು ನಡೆದಾಗ ಅತ್ತೆ ನನ್ನ ಓದಿನ ಬಗ್ಗೆ ಹೇಳಿದ್ದು ಒಂದೇ ಮಾತು: "ಒಂದು ವರ್ಷ ಓದ್ಲಿ, ಆಮ್ಯಾಲ ನೋಡೂಣು." ಆ ಒಂದು ವರ್ಷ ಮುಗಿಯುತ್ತ ಬಂದಿತ್ತು. ಎರಡನೆಯ ವರ್ಷದ ಸುದ್ದಿ ಎತ್ತಿದರೆ ನಮ್ಮ ಮನೆಯವರು, "ಅವ್ವನ್ನ ಕೇಳು," ಎಂದು ಪೇಪರ್ ಹಿಂದೆ ಅಡಗುತ್ತಿದ್ದರು. ಅತ್ತೆಯನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಅವರು ಬೇಡ ಅನ್ನುತ್ತಾರೆಂಬ ಹೆದರಿಕೆಯಲ್ಲ. ಅವರು ಬೇಡ ಅಂದರೆ ಅದಕ್ಕೆ ಕಾರಣವೂ ಇರುತ್ತಿತ್ತು, ಅದೇ ಕಷ್ಟ. ಮಧ್ಯಾಹ್ನದ ಗದ್ದಲಕ್ಕೆ ಇನ್ನೊಬ್ಬರ ಕೈ ಎಷ್ಟು ಬೇಕೆಂಬುದನ್ನು ನಾನೇ ರಜೆಯ ದಿನಗಳಲ್ಲಿ ನೋಡುತ್ತಿದ್ದೆ. ಆದರೂ ನನಗೆ ಎರಡನೆಯ ವರ್ಷ ಬೇಕಿತ್ತು. ಬಹಳ ಬೇಕಿತ್ತು.

ಒಂದು ಸಂಜೆ ರೊಟ್ಟಿ ಬಡಿಯುತ್ತ ಅತ್ತೆಯೇ ಕೇಳಿದರು. "ಅಲ್ಲ ಬೇ, ಅಲ್ಲಿ ಏನ್ ಕಲಸ್ತಾರ ನಿಮಗ?"

"ಈಗ ಬಟ್ಟಿ ಹೆಂಗ ಹಾರತೈತಿ ಅನ್ನೂದು ಕಲ್ಯಾಕತ್ತೇನ್ರಿ ಅತ್ತಿ."

ಅವರ ಕೈ ನಿಂತಿತು. "ಬಟ್ಟಿ ಹಾರೂದು ನೋಡಾಕ ದಿನಾ ಬಾಗಲಕೋಟಿಗೆ ಹೋಗಬೇಕೇನು? ಹಿತ್ತಲದಾಗ ಒಣ ಹಾಕೇವಲ್ಲ, ಅಲ್ಲೇ ಕುರ್ಚಿ ಹಾಕ್ಕೊಂಡು ಕುಂಡ್ರು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತವರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಇಲ್ಲಿ ಒಂದು ವರ್ಷ ಹೇಗೋ ಮುಚ್ಚಿಟ್ಟಿದ್ದೆ. "ಹಂಗಾರ ನೀವ ಬಂದು ಕೇಳ್ರಿ ನನ್ನ ಪಾಠ!" ಎಂದುಬಿಟ್ಟೆ.

ತವೆಯ ಮೇಲಿನ ರೊಟ್ಟಿ ಉಬ್ಬಿತು. ಅತ್ತೆ ಅದನ್ನು ತಿರುವಿ ಹಾಕಿದರು, ತೆಗೆದು ಬುಟ್ಟಿಗೆ ಒಗೆದರು. ಆಮೇಲೆ, "ಯಾವತ್ತು?" ಎಂದರು.

ನಮ್ಮ ಖಾನಾವಳಿ ಬಾಗಿಲು ಹಾಕಿದ್ದನ್ನು ನಾನು ನೋಡಿರಲಿಲ್ಲ. ಹಬ್ಬಕ್ಕೂ ತೆರೆದಿರುತ್ತಿತ್ತು, ಹಬ್ಬಕ್ಕೆ ಊರಿಗೆ ಹೋಗದವರು ಎಲ್ಲಿ ಉಣ್ಣಬೇಕು ಎನ್ನುತ್ತಿದ್ದರು ಅತ್ತೆ. ಆ ದಿನ ಮಾತ್ರ ಬಾಗಿಲಿಗೆ ಕೀಲಿ ಬಿತ್ತು, ಸಂಜೆ ತೆರೆಯುತ್ತೇವೆಂದು ಪಕ್ಕದ ಅಂಗಡಿಯವರಿಗೆ ಹೇಳಿದ್ದಾಯಿತು. ಇನ್ನೊಮ್ಮೆ ಹೀಗೆ ಕೀಲಿ ಹಾಕಲು ಅವರು ಒಪ್ಪುವ ಮಾತೇ ಇರಲಿಲ್ಲ. ಅಂದರೆ ಅತ್ತೆಗೆ ನನ್ನ ಪಾಠ ಒಂದೇ ಸಲಕ್ಕೆ ತಿಳಿಯಬೇಕು. ತಿಳಿಯದಿದ್ದರೆ ಪಾಠವೂ ಹೋಯಿತು, ಎರಡನೆಯ ವರ್ಷವೂ ಹೋಯಿತು ಎಂದು ನನ್ನ ಲೆಕ್ಕ.

ದಿನವೂ ಚೂಡಿದಾರದಲ್ಲಿ ಹೋಗುವವಳು ಅಂದು ಇಳಕಲ್ ಸೀರೆ ಉಟ್ಟು ತಲೆಯ ಮೇಲೆ ಸೆರಗು ಹೊದ್ದೆ. ಚೂಡಿದಾರಕ್ಕೆ ಅತ್ತೆ ಎಂದೂ ಏನೂ ಅಂದಿರಲಿಲ್ಲ. ನನಗೇ ಅವರ ಎದುರು ಬರಿತಲೆಯಲ್ಲಿ ಪಾಠ ಹೇಳಲು ಒಂಥರಾ ಅನ್ನಿಸಿತು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಕಾಲ ಬಳಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ದೊಡ್ಡ ಗಂಟು. ಹುನಗುಂದದ ಬಸ್ ನಿಲ್ದಾಣದಲ್ಲಿ ಪರಿಚಯದ ಹೆಂಗಸೊಬ್ಬರು ಹತ್ತಿ, ಎಲ್ಲಿಗೆ ಹೊರಟಿರಿ ಎಂದು ಕೇಳಿದರು. "ಸೊಸಿ ಪಾಠ ಐತಿ, ಕೇಳಾಕ ಹೊಂಟೇನಿ," ಎಂದರು ಅತ್ತೆ, ಮಠಕ್ಕೆ ಪುರಾಣ ಕೇಳಲು ಹೊರಟವರ ಹಾಗೆ. ಅಮೀನಗಡದಲ್ಲಿ ಬಸ್ ನಿಂತಾಗ ಇಳಿದು ಕರದಂಟು ಬೇರೆ ತಂದರು. ಅಷ್ಟು ದೊಡ್ಡ ಗಂಟು ಇರುವಾಗ ಇದೇಕೆ ಎಂದರೆ, "ಸಾಲಿಗೆ ಹೊಂಟೇವಿ, ಸರಗೋಳಿಗೆ ಸಿಹಿ ಬ್ಯಾಡೇನು?" ಎಂದರು. ಕಮತಗಿ ದಾಟುವಾಗ ನಾನು ಕಣ್ಣು ಮುಚ್ಚಿ ಸೂತ್ರಗಳನ್ನು ನೆನೆಯುತ್ತಿದ್ದೆ. ಸೊಸೆಗೆ ಬಸ್ ಆಗಿಬರುವುದಿಲ್ಲವೆಂದು ತಿಳಿದು ಅತ್ತೆ ನನ್ನ ಕೈಗೆ ಒಂದು ನಿಂಬೆಹಣ್ಣು ಕೊಟ್ಟರು.

ನವನಗರದಲ್ಲಿ ಇಳಿದು ಕಾಲೇಜು ಮುಟ್ಟಿದೆವು. ಸರ್ ಎದ್ದು ನಮಸ್ಕಾರ ಮಾಡಿ ಅತ್ತೆಯನ್ನು ಮೊದಲ ಸಾಲಿನಲ್ಲಿ ಕೂರಿಸಿ, ತಾವು ಎಂದಿನಂತೆ ಹಿಂದೆ ಹೊರಟರು.

"ನೀವು ಹಿಂದ ಕುಂತ್ರ ಹೆಂಗ್ರಿ ಸಾಹೇಬ್ರ? ಸರ ನೀವಲ್ಲೇನು?"

"ಇವತ್ತ ನಿಮ್ಮ ಸೊಸಿನ ಸರ್ರೀ ಅಮ್ಮಾರ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಲ್ಲಿಯವರೆಗೆ ಅವರು ಅದನ್ನು ನಂಬಿರಲಿಲ್ಲವೆಂದು ಕಾಣುತ್ತದೆ.

ಪಾಠ ಶುರುಮಾಡಿದೆ. ಶುರುಮಾಡಿದ ಕೂಡಲೇ ಸಿಕ್ಕಿಬಿದ್ದೆ. ಬೋರ್ಡಿನ ಮೇಲೆ ಬರೆಯಬೇಕಾದರೆ ಅತ್ತೆಗೆ ಬೆನ್ನು ಮಾಡಬೇಕು. ಹಿರಿಯರಿಗೆ ಬೆನ್ನು ಮಾಡಿ ನಿಲ್ಲಬಾರದೆಂದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳಿಕೊಡುವುದಿಲ್ಲ, ಅದು ಮೈಯಲ್ಲೇ ಇರುತ್ತದೆ. ಮನೆಯಲ್ಲೆಲ್ಲ ರೂಢಿಯಾಗಿದ್ದದ್ದು ಇಲ್ಲಿಗೆ ಬಂದು ಕಾಡುತ್ತದೆಂದು ನಾನು ಎಣಿಸಿರಲಿಲ್ಲ. ಅಡ್ಡ ನಿಂತೆ. ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಸೀಮೆಸುಣ್ಣ, ಮುಖ ಅತ್ತೆಯ ಕಡೆ, ಬರವಣಿಗೆ ಬೋರ್ಡಿನ ಕಡೆ. ಸೂತ್ರಗಳು ನೆಲದಿಂದ ಚಾವಣಿಗೆ ಹತ್ತುತ್ತ ಹೋದವು. ಮಾತೂ ಹಾಗೆಯೇ. ಬಾಯಿಪಾಠ ಮಾಡಿಕೊಂಡು ಬಂದ ಶಿಷ್ಟ ಕನ್ನಡ, ಇಂಗ್ಲಿಷು ಎಲ್ಲ ಎಲ್ಲಿ ಹೋದವೋ, "ನೋಡ್ರಿ ಅತ್ತಿ, ಇದು ಚುಕ್ಕಿ," ಎಂದು ಹೊರಟಿತು.

ಕಂಪ್ಯೂಟರಿಗೆ ಬಟ್ಟೆ ಬಟ್ಟೆಯಲ್ಲ ಎಂದೆ. ರಂಗೋಲಿಗೆ ಇಡುವ ಚುಕ್ಕಿಗಳಂತೆ ಸಾಲು ಸಾಲು ಚುಕ್ಕಿ, ಒಂದು ಚುಕ್ಕಿಗೂ ಪಕ್ಕದ್ದಕ್ಕೂ ನಡುವೆ ಒಂದು ಸ್ಪ್ರಿಂಗ್. ದೂರದ ಚುಕ್ಕಿಯ ಸುದ್ದಿ ಯಾವ ಚುಕ್ಕಿಗೂ ಗೊತ್ತಿಲ್ಲ, ಪಕ್ಕದವರು ಎಳೆದರೆ ಬರುತ್ತದೆ, ನೂಕಿದರೆ ಹೋಗುತ್ತದೆ. ಕಾಲವನ್ನು ಸಣ್ಣ ಸಣ್ಣ ತುಣುಕು ಮಾಡಿ, ಒಂದೊಂದು ತುಣುಕಿಗೂ ಪ್ರತಿ ಚುಕ್ಕಿ ಎಲ್ಲಿಗೆ ಸರಿಯುತ್ತದೆಂದು ಲೆಕ್ಕ ಹಾಕುತ್ತೇವೆ. ಅಷ್ಟೇ. ಅಷ್ಟರಿಂದಲೇ ಇಡೀ ಬಟ್ಟೆ ಹಾರುತ್ತದೆ.

ನಡುವೆ ಪ್ರಶ್ನೆ ಕೇಳಬೇಕೆಂಬುದೂ ಸರ್ ಅವರ ನಿಯಮ. ಪ್ರಶ್ನೆಗಳಿವೆಯೇ ಎಂದು ಕೇಳಿದೆ. ಬೇರೆ ದಿನಗಳಲ್ಲಿ ಪಾಠ ಮಾಡುವವರನ್ನು ಹುರಿದು ಮುಕ್ಕುತ್ತಿದ್ದ ನಮ್ಮ ವರ್ಗ ಬಾಯಿ ಹೊಲಿದುಕೊಂಡು ಕೂತಿತ್ತು. ಅತ್ತೆಯ ಎದುರು ಸೊಸೆಯನ್ನು ತಡವರಿಸುವಂತೆ ಮಾಡಲು ಯಾರಿಗೂ ಮನಸ್ಸಿಲ್ಲ. ಹಿಂದಿನಿಂದ ಸರ್ ಕೆಮ್ಮಿದರು. ಮತ್ತೂ ಕೆಮ್ಮಿದರು. ಕೊನೆಗೆ ಬಾದಾಮಿಯ ಹುಡುಗ ಎದ್ದು, ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿ ಕೇಳಿದ.

"ಅಮ್ಮಾರ, ನಿಮ್ಮ ಸೊಸಿಗೆ ಒಂದು ಪ್ರಶ್ನಿ ಕೇಳಬೇಕಂತೇನಿ. ಕೇಳಲೇನ್ರಿ?"

"ಕೇಳಪಾ," ಎಂದರು ಅತ್ತೆ. "ಉತ್ತರಾ ಬರಲಿಲ್ಲಂದ್ರ ನನಗ ಹೇಳು."

ಅಲ್ಲಿಂದ ಎಲ್ಲರ ಬಾಯಿ ಬಿಚ್ಚಿತು. ನಾನೂ ಬಿಚ್ಚಿಕೊಂಡೆ. ಉತ್ತರ ಹೇಳುವ ಭರದಲ್ಲಿ ಒಂದು ಸಲ ಪೂರ್ತಿ ಬೋರ್ಡಿನ ಕಡೆ ತಿರುಗಿಬಿಟ್ಟಿದ್ದೆ, ಗೊತ್ತಾದದ್ದು ಆಮೇಲೆ.

ಇನ್ನು ತೋರಿಸುವ ಸರದಿ. ಸೀರೆಯುಟ್ಟ ಹೆಂಗಸಿನ ಒಂದು ಗೊಂಬೆಯನ್ನು ಪರದೆಯ ಮೇಲೆ ನಿಲ್ಲಿಸಿದ್ದೆ. ಗಾಳಿ ಬೀಸಬೇಕು, ಕೆಂಪು ಸೆರಗು ಮೇಲಿನಿಂದ ಇಳಿದು ಬಂದು ಅವಳ ತಲೆಯ ಮೇಲೆ ಕೂರಬೇಕು. ವಾರಗಟ್ಟಲೆ ಅದಕ್ಕೇ ಜೀವ ತೇದಿದ್ದೆ. ಆದರೆ ವರ್ಗದ ಕಂಪ್ಯೂಟರ್ ಹಳೆಯದು, ಬಹಳ ನಿಧಾನ. ಸಂಜೆಯ ಊಟದ ಹೊತ್ತಿಗೆ ಅತ್ತೆ ಇಳಕಲ್ ಮುಟ್ಟಲೇಬೇಕು. ಬೇಗ ಮುಗಿಯಲೆಂದು ಪಾಠಕ್ಕೆ ಮುಂಚೆ ನಾನು ಕಾಲದ ತುಣುಕನ್ನು ಸ್ವಲ್ಪ ದೊಡ್ಡದು ಮಾಡಿಟ್ಟಿದ್ದೆ. ಹಾಗೆ ಮಾಡಬಾರದೆಂದು ಅದೇ ಬೋರ್ಡಿನ ಮೇಲೆ ಆಗಷ್ಟೇ ಬರೆದವಳೂ ನಾನೇ.

ಗುಂಡಿ ಒತ್ತಿದೆ. ಸೆರಗು ಇಳಿಯಿತು, ಒಮ್ಮೆ ನಡುಗಿತು. ಒಂದು ಚುಕ್ಕಿ ಹೋಗಬೇಕಾದಲ್ಲಿಗಿಂತ ಮುಂದೆ ಹೋಯಿತು, ಸ್ಪ್ರಿಂಗ್ ಅದನ್ನು ಜೋರಾಗಿ ಹಿಂದಕ್ಕೆ ಎಳೆಯಿತು, ಅದು ಇನ್ನಷ್ಟು ಹಿಂದೆ ಹೋಯಿತು. ಕಣ್ಣು ಮಿಟುಕಿಸುವುದರೊಳಗೆ ಸೆರಗು ಚಿಂದಿಯಾಗಿ ಪರದೆಯ ನಾಲ್ಕೂ ಮೂಲೆಗೆ ಸಿಡಿಯಿತು.

"ಅಯ್ಯಯ್ಯ, ಸೆರಗು ಹೋತಲ್ಲ ಬೇ!" ಎಂದು ಅತ್ತೆ ಎದ್ದೇಬಿಟ್ಟರು. ಒಂದು ಕೈ ಪರದೆಯ ಕಡೆ ಚಾಚಿತ್ತು, ಇನ್ನೊಂದು ಕೈ ತಮ್ಮ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನಗೆ ಅಳು ಬರುವಂತಾಗಿತ್ತು, ಆದರೆ ಅತ್ತೆಯೂ ನಗುತ್ತಿದ್ದರು. ಖಾನಾವಳಿಯಲ್ಲಿ ನಗುವಂತಲ್ಲ, ಹೊಟ್ಟೆ ಹಿಡಿದುಕೊಂಡು. ಅವರು ಹಾಗೆ ನಗುವುದನ್ನು ನಾನು ಮೊದಲ ಸಲ ನೋಡಿದ್ದು, ನನಗೂ ತಡೆಯಲಾಗಲಿಲ್ಲ.

ತುಣುಕನ್ನು ಸಣ್ಣದು ಮಾಡಿ ಮತ್ತೆ ಬಿಟ್ಟೆ. ಈಗ ಸೆರಗು ಎಷ್ಟು ನಿಧಾನ ಇಳಿಯಿತೆಂದರೆ, ಆ ಹೊತ್ತಿನಲ್ಲಿ ಒಂದು ಚಹಾ ಕುಡಿದು ಬರಬಹುದಿತ್ತು. ಬಂದು ತಲೆಯ ಮೇಲೆ ಕೂತಿತು, ಕೂತ ಹಾಗೆಯೇ ಜಾರಿ ಕೆಳಗೆ ಬಿತ್ತು. ಇದು ಮಾತ್ರ ತಪ್ಪಲ್ಲ, ಬೇಕೆಂದೇ ಮಾಡಿದ್ದು. ತಲೆಗೂ ಸೆರಗಿಗೂ ನಡುವೆ ತಿಕ್ಕಾಟವಿಲ್ಲದಿದ್ದರೆ ಹೀಗೆ ಎಂದು ಹೇಳಿ, ಘರ್ಷಣೆಯನ್ನು ಸೇರಿಸಿ ಮೂರನೆಯ ಸಲ ಬಿಟ್ಟೆ. ಸೆರಗು ಇಳಿದು ಬಂತು, ತಲೆಯನ್ನು ಮುಟ್ಟಿತು, ಸ್ವಲ್ಪ ಹಿಂದೆ ಸರಿಯಿತು. ಕಿವಿಯ ಹತ್ತಿರ ಎರಡು ನೆರಿಗೆ ಮೂಡಿದವು, ಅಂಚು ಹೆಗಲ ಮೇಲೆ ಒರಗಿತು.

"ನಿಂತಿತು ನೋಡು," ಎಂದರು ಅತ್ತೆ ಮೆಲ್ಲಗೆ.

ಈಗ ಅವರ ಸರದಿ. ಹೇಳಿ ಎಂದು ಸರ್ ಕೈ ಮಾಡಿದರು. ಅತ್ತೆ ಎದ್ದು, ಊಟಕ್ಕೆ ಕೂತವರಿಗೆ ಇಂದಿನ ಪಲ್ಯ ಯಾವುದೆಂದು ಹೇಳುವ ದನಿಯಲ್ಲೇ ಹೇಳಿದರು.

"ಬಟ್ಟಿ ಅಂದ್ರ ಬರೇ ಚುಕ್ಕಿ ಅಂತ. ಒಂದು ಚುಕ್ಕಿ ತನ್ನ ಬಾಜೂಕಿನ ಚುಕ್ಕಿ ಮಾತಷ್ಟ ಕೇಳತೈತಂತ. ಒಂದನ್ನ ಎಳದ್ರ ಅದು ಬಾಜೂಕಿಂದನ್ನ ಎಳೀತೈತಿ, ಅದು ಮತ್ತೊಂದನ್ನ. ಹಿಂಗ ಸೆರಗು ಇಡೀ ಬರತೈತಿ. ಆದ್ರ ಸಣ್ಣ ಸಣ್ಣ ಹೆಜ್ಜಿ ಇಡಬೇಕು, ಜಲ್ದಿ ಮಾಡಿದ್ರ ಹರಕೊಂಡು ಹೊಕ್ಕೈತಿ." ಒಂದು ಕ್ಷಣ ತಡೆದು, "ನಮ್ಮೀಕಿಗೆ ಜಲ್ದಿ ಭಾಳ," ಎಂದು ಸೇರಿಸಿದರು.

"ಪಾಸ್!" ಎಂದು ಸರ್ ಅಲ್ಲಿಂದಲೇ ಕೂಗಿದರು. ಹುಡುಗರು ಬೆಂಚು ಬಡಿದರು. ರೊಟ್ಟಿ ಗಂಟು ಬಿಚ್ಚಲು ಒಬ್ಬಳು ಆಗಲೇ ಎದ್ದಿದ್ದಳು. ಅತ್ತೆ ಮಾತ್ರ ಕೂರಲಿಲ್ಲ.

"ಸಾಹೇಬ್ರ, ನನಗೂ ಒಂದು ಪ್ರಶ್ನಿ ಐತಿ. ಕೇಳಬಹುದೇನ್ರಿ?"

"ಕೇಳ್ರಿ ಅಮ್ಮಾರ. ಆದ್ರ ನನಗಲ್ಲ, ಅವರಿಗೆ ಕೇಳ್ರಿ."

ಅತ್ತೆ ನನ್ನ ಕಡೆ ತಿರುಗಿದರು. "ಇಲ್ಲೀತನಕ ನೀ ತೋರ್ಸಿದ್ದು ಒಣಾ ಬಟ್ಟಿ. ಅದು ಒದ್ದಿ ಆದ್ರ ಹೆಂಗ?"

ಬಟ್ಟೆ ಬೇರೆ, ನೀರು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಓದಿದ್ದೆವು. ನೀರು ಬಟ್ಟೆಯೊಳಗೆ ಇಳಿದು, ಅದನ್ನು ಭಾರ ಮಾಡಿ, ನೆರಿಗೆಗಳನ್ನು ಒಂದಕ್ಕೊಂದು ಅಂಟಿಸಿ, ಅಂಚಿನಿಂದ ತೊಟ್ಟಿಕ್ಕುವುದು ನಮ್ಮ ಪಾಠಗಳಲ್ಲಿ ಎಲ್ಲೂ ಇರಲಿಲ್ಲ. ಬಾದಾಮಿಯ ಹುಡುಗನ ಕಡೆ ನೋಡಿದೆ, ನೀರು ಅವನ ಪಾಲಿನದಲ್ಲವೇ ಎಂದು. ಅವನು ಕಿಟಕಿಯ ಹೊರಗೆ ನೋಡತೊಡಗಿದ.

"ನನಗ ಗೊತ್ತಿಲ್ರಿ ಅತ್ತಿ," ಎಂದೆ.

ಸರ್ ಎದ್ದು ಮುಂದೆ ಬಂದರು. "ಭಾಳ ಕಠಿಣ ಪ್ರಶ್ನಿ ಕೇಳಿದ್ರಿ ಅಮ್ಮಾರ. ಅದು ಮೊದಲನೇ ವರ್ಷದಾಗ ಬರೂದಿಲ್ಲ. ಎರಡನೇ ವರ್ಷ ಒಂದು ದೊಡ್ಡ ಕೆಲಸಾ ತಗೊಂಡು ಮಾಡಬೇಕಾಕ್ಕೈತಿ, ಆವಾಗ ಮಾಡಬಹುದು."

ಪರದೆಯ ಮೇಲೆ ಗೊಂಬೆ ಇನ್ನೂ ಸೆರಗು ಹೊದ್ದು ನಿಂತಿತ್ತು, ನನ್ನ ತಲೆಯ ಮೇಲಿನದು ಎಂದೋ ಜಾರಿ ಹೆಗಲಿಗೆ ಬಂದಿತ್ತು. ಅತ್ತೆ ಅದನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ.

"ಹಂಗಾರ ಮುಂದಿನ ವರ್ಷ ಕಲ್ತು ಹೇಳು," ಎಂದರು ನನಗೆ. ಹೇಳಿ ಗಂಟಿನ ಕಡೆ ಹೋದರು. "ಬರ್ರಿ, ಎಲ್ಲಾರೂ ಬರ್ರಿ, ರೊಟ್ಟಿ ಆರತಾವು."

ನಾನು ಸೀಮೆಸುಣ್ಣ ಹಿಡಿದುಕೊಂಡೇ ನಿಂತಿದ್ದೆ. ಬಾದಾಮಿಯ ಹುಡುಗ ಬಂದು ಅದನ್ನು ನನ್ನ ಕೈಯಿಂದ ಬಿಡಿಸಿ, ಅಲ್ಲಿ ಒಂದು ಕರದಂಟಿನ ತುಂಡು ಇಟ್ಟ. ಜೀವನದಲ್ಲಿ ಅಷ್ಟು ಸಿಹಿಯಾದದ್ದನ್ನು ತಿಂದ ನೆನಪು ನನಗಿಲ್ಲ.

ಮರುದಿನ ಬೆಳಿಗ್ಗೆ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಿನಿಂದ ಅತ್ತೆ ಕೂಗಿದರು, ಏನೋ ಆಯಿತೆನ್ನುವ ಹಾಗೆ. ಹಿಟ್ಟಿನ ಕೈಯಲ್ಲೇ ಓಡಿದೆ. ಆಗಷ್ಟೇ ಹಿಂಡಿ ಒಣಹಾಕಿದ ಸೀರೆಯ ಮುಂದೆ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಗಾಳಿ ಬೀಸುತ್ತಿತ್ತು, ಪಕ್ಕದ ತಂತಿಯ ಒಣಗಿದ ಬಟ್ಟೆಗಳೆಲ್ಲ ಹಾರಾಡುತ್ತಿದ್ದವು. ಒದ್ದೆ ಸೀರೆ ಮಾತ್ರ ಅಲ್ಲಾಡದೆ ನೇತುಬಿದ್ದು, ಅಂಚಿನಿಂದ ಹನಿ ಹಾಕುತ್ತಿತ್ತು.

"ನೋಡಿಲ್ಲೆ," ಎಂದರು. "ಇದು ಹೆಂಗ ಮಾಡ್ತಿ?"

"ಹೆಂಗರ ಮಾಡ್ತೇನ್ರಿ."

ಒಳಗೆ ರೊಟ್ಟಿ ಸೀದ ವಾಸನೆ ಬಂತು. ಇಬ್ಬರಿಗೂ ಬಂತು. ಅತ್ತೆ ಹಿತ್ತಲ ಬಾಗಿಲ ಬಳಿಯಿದ್ದ ಕುರ್ಚಿಯನ್ನು ಎಳೆದು ನನ್ನ ಕಡೆ ನೂಕಿದರು, ರೊಟ್ಟಿಯನ್ನು ತಿರುವಿ ಹಾಕಲು ತಾವೇ ಒಳಗೆ ಹೋದರು.